ಬೈಕಿನ ಶಾಕ್‌ನಲ್ಲಿ ಎಣ್ಣೆ ಸೋರುತ್ತಿದೆಯೇ? ಇಂದೇ ನೋಡಿ



ದನದ ಡಾಕ್ಟ್ರಮ್ಮನಿಗೆ ಗಾಡಿ ರಿಪೇರಿ ಉಸಾಬರಿ ಯಾಕೆ ಎಂದು ನೀವು ನಗಬಹುದು. ಕಾರಣವಿದೆ. ಕೆಲವು ವರ್ಷಗಳ ಹಿಂದೆ ಒಂದೇ ಊರಿನ 4 ಹಸುಗಳಿಗೆ ಕೃತಕ ಗರ್ಭಧಾರಣೆ ಮಾಡಿದ್ದೆ. 21 ದಿನದ ಆಸುಪಾಸಿನಲ್ಲಿ ನಾಲ್ಕೂ ಮತ್ತೆ ಬೆದೆಗೆ ಬಂದವು. ತಪ್ಪು ಹಸುಗಳದ್ದಲ್ಲ, ನನ್ನದು.

ವೀರ್ಯದ ನಳಿಕೆಗಳು ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ಇರಬೇಕು. ಆ ಕ್ಯಾನಿಗೆ ಎರಡು ಗೋಡೆ, ನಡುವೆ ಗಾಳಿಯಿಲ್ಲದ ಜಾಗ. ಒಳಪಾತ್ರೆ ಕತ್ತಿನಲ್ಲೇ ತೂಗಿಕೊಂಡಿರುತ್ತದೆ. ನನ್ನ ಬೈಕಿನ ಶಾಕ್ ಅಬ್ಸಾರ್ಬರ್ ಸತ್ತು ತಿಂಗಳುಗಳಾಗಿದ್ದವು. ತೋಟದ ಕಚ್ಚಾ ದಾರಿಯಲ್ಲಿ ಕುಕ್ಕಿ ಕುಕ್ಕಿ ಕ್ಯಾನಿನ ಕತ್ತು ಬಿರುಕು ಬಿಟ್ಟಿತ್ತು. ನೈಟ್ರೋಜನ್ ಬೇಗ ಮುಗಿಯುತ್ತಿದ್ದರೂ ಮತ್ತೆ ತುಂಬಿಸಿ ಸುಮ್ಮನಾಗಿದ್ದೆ. ಒಮ್ಮೆ ಕರಗಿದ ವೀರ್ಯ ಮತ್ತೆ ಹೆಪ್ಪುಗಟ್ಟಿಸಿದರೆ ಜೀವ ಬರುವುದಿಲ್ಲ. ಮೂರು ಹಸು ಮುಂದಿನ ಬೆದೆಗೆ ಗಬ್ಬ ನಿಂತವು. ನಾಲ್ಕನೆಯದನ್ನು ಆ ಅಕ್ಕ ಬೇಸತ್ತು ಮಾರಿಬಿಟ್ಟಿದ್ದರು.

ನಿಮ್ಮ ಮನೆಯ ಬೈಕು, ಮೊಪೆಡ್ಡಿಗೂ ಇದೇ ಪಾಡು. ಅರ್ಧ ತುಂಬಿದ ಕ್ಯಾನು ಕುಲುಕಿದರೆ ಹಾಲು ಕಡೆದಂತಾಗಿ ಜಿಡ್ಡು ಮುಚ್ಚಳಕ್ಕೆ ಹತ್ತುತ್ತದೆ. ಡೇರಿಯಲ್ಲಿ ಫ್ಯಾಟು ಕಮ್ಮಿ ಬಂತೆಂದು ಜಗಳವಾಡುವ ಮುಂಚೆ ಗಾಡಿಯನ್ನೂ ಒಮ್ಮೆ ನೋಡಿ.

ಶಾಕ್‌ನಲ್ಲಿ ಸ್ಪ್ರಿಂಗು ಭಾರ ಹೊರುತ್ತದೆ. ಕುಣಿತ ನಿಲ್ಲಿಸುವುದು ಒಳಗಿನ ಎಣ್ಣೆ. ಸಣ್ಣ ತೂತುಗಳಲ್ಲಿ ಹಾದುಹೋಗುವಾಗ ಅದು ಏಟನ್ನು ನುಂಗಿಕೊಳ್ಳುತ್ತದೆ. ಎಣ್ಣೆ ಹೋದರೆ ಉಳಿಯುವುದು ಕುಣಿಯುವ ಸ್ಪ್ರಿಂಗು ಮಾತ್ರ.

ನೀವೇ ಪರೀಕ್ಷಿಸಬಹುದು. ಮುಂದಿನ ಬ್ರೇಕ್ ಹಿಡಿದು ಹ್ಯಾಂಡಲನ್ನು ಜೋರಾಗಿ ಕೆಳಗೆ ಒತ್ತಿ ಬಿಡಿ. ಒಮ್ಮೆ ಎದ್ದು ನಿಂತರೆ ಸರಿ. ಎರಡು ಮೂರು ಸಲ ಕುಣಿದರೆ ಎಣ್ಣೆ ಹೋಗಿದೆ. ಫೋರ್ಕಿನ ಹೊಳೆಯುವ ಕೊಳವೆಯನ್ನು ಬಟ್ಟೆಯಿಂದ ಒರೆಸಿ, ಒಂದು ಸುತ್ತು ಹೋಗಿ ಬನ್ನಿ. ಎಣ್ಣೆಯ ಉಂಗುರ ಕಂಡರೆ ಸೀಲು ಹರಿದಿದೆ. ಇದನ್ನು ಮುಂದೂಡಬೇಡಿ. ಆ ಎಣ್ಣೆ ಇಳಿದು ಬ್ರೇಕಿಗೆ ತಾಗಿದರೆ ಬ್ರೇಕ್ ಹಿಡಿಯುವುದಿಲ್ಲ.

ಸೀಲು ಹರಿಯುವುದಕ್ಕೆ ಹೆಚ್ಚಿನ ಪಾಲು ಕಾರಣ ಒಣಗಿದ ಕೆಸರು. ಕೊಳವೆಗೆ ಅಂಟಿದ ಮಣ್ಣು ಮರಳುಕಾಗದದಂತೆ ರಬ್ಬರನ್ನು ಉಜ್ಜುತ್ತದೆ. ಮಳೆಗಾಲದಲ್ಲಿ ಗಾಡಿ ಮನೆಗೆ ಬಂದ ಮೇಲೆ ಕೆಚ್ಚಲು ಒರೆಸುವಷ್ಟೇ ನಿಧಾನವಾಗಿ ಒದ್ದೆ ಬಟ್ಟೆಯಿಂದ ಒರೆಸಿ. (ಕೆಚ್ಚಲಿನ ಬಟ್ಟೆಯಿಂದಲ್ಲ!) ಪಂಪಿನ ನೀರನ್ನು ನೇರವಾಗಿ ಸೀಲಿಗೆ ಬಿಡಬೇಡಿ.

ಫೋರ್ಕ್ ಬಿಚ್ಚುವುದು ಮೆಕ್ಯಾನಿಕ್ ಕೆಲಸ, ಆದರೆ ಪಕ್ಕದಲ್ಲಿ ನಿಂತು ನೋಡಿ. ಒಂದು ಕಡೆ ಸೋರಿದರೂ ಎರಡೂ ಕಡೆಯ ಸೀಲು ಬದಲಿಸಲಿ. ಹಳೆ ಎಣ್ಣೆ ಹಾಲು ಬೆರೆಸಿದ ಚಹಾದಂತಿದ್ದರೆ ಒಳಗೆ ನೀರು ಸೇರಿದೆ ಎಂದರ್ಥ. ಕೊಳವೆಯ ಮೇಲೆ ಉಗುರು ಆಡಿಸಿ. ಉಗುರಿಗೆ ಗೀರು ಸಿಕ್ಕರೆ ಆ ಗೀರು ಹೊಸ ಸೀಲನ್ನೂ ಕೊಯ್ಯುತ್ತದೆ. ಅಂಥ ಕೊಳವೆಗೆ ಬರೀ ಸೀಲು ಹಾಕಿಸುವುದು ದುಡ್ಡು ದಂಡ. ಕೈಯಲ್ಲಿರುವ ಇಂಜಿನ್ ಎಣ್ಣೆಯನ್ನು ಅಂದಾಜಿನಲ್ಲಿ ಸುರಿಯಲು ಬಿಡಬೇಡಿ. ಗಾಡಿಯ ಪುಸ್ತಕದಲ್ಲಿ ಹೇಳಿದ ಫೋರ್ಕ್ ಎಣ್ಣೆ, ಹೇಳಿದಷ್ಟೇ ಅಳತೆ, ಎರಡೂ ಕಾಲಿಗೆ ಸಮ. ಹಾಲಿಗೆ ಮಿಲಿಲೀಟರ್ ಲೆಕ್ಕ ಕೇಳುವ ನಮಗೆ ಇದನ್ನು ಕೇಳಲು ಸಂಕೋಚವೇಕೆ?

ಹಿಂದಿನ ಶಾಕ್ ಬೇರೆ ಮಾತು. ಹಲವು ಗಾಡಿಗಳಲ್ಲಿ ಅದು ಬಿಚ್ಚಲು ಬರುವಂತಿರುವುದಿಲ್ಲ, ಜೋಡಿಯಾಗಿ ಬದಲಿಸಬೇಕು. ಗ್ಯಾಸ್ ತುಂಬಿದ್ದನ್ನಂತೂ ಯಾರೂ ಕೊರೆಯಬಾರದು, ಒತ್ತಡಕ್ಕೆ ಸಿಡಿಯುತ್ತದೆ. ಸ್ಪ್ರಿಂಗಿನ ಬುಡದಲ್ಲಿ ಮೆಟ್ಟಿಲಿನಂಥ ಕಚ್ಚುಗಳಿದ್ದರೆ, ಎರಡು ಕ್ಯಾನು ಹೇರುವ ಗಾಡಿಗೆ ಒಂದೆರಡು ಮೆಟ್ಟಿಲು ಬಿಗಿ ಮಾಡಿಸಿ, ಎರಡೂ ಬದಿ ಒಂದೇ ಮೆಟ್ಟಿಲಿಗೆ.

ಇನ್ನು, ಮುಂದಿನ ಸಲ ನಿಮ್ಮ ಹಸುವಿಗೆ ಗರ್ಭಧಾರಣೆ ಮಾಡಲು ಯಾರೇ ಬರಲಿ, ಕ್ಯಾನಿನ ಹೊರಮೈ ಬೆವರಿದೆಯೇ, ಮಂಜು ಕಟ್ಟಿದೆಯೇ ಎಂದು ನೋಡಿ. ಹಾಗಿದ್ದರೆ ಆ ನಳಿಕೆ ಬೇಡವೆನ್ನಿ. ನನಗೂ ಹೇಳಿ, ಬೇಜಾರಿಲ್ಲ.