ಸೋಮಾರಿತನವೋ, ಗಮನ ಕೊರತೆಯೋ? ವಯಸ್ಕರ ತಪಾಸಣೆಯಲ್ಲಿ ಶಾಲಾ ದಾಖಲೆಯ ಪಾತ್ರ

ಶಿವಯೋಗಿ ಸಿದ್ಧರಾಮರು ಕೆರೆ ಕಟ್ಟಿಸಿದರೆಂದು ಸ್ಮರಿಸುವ ಸೊಲ್ಲಾಪುರದಲ್ಲಿ, ಮಗ್ಗ ಮತ್ತು ಬೀಡಿಯ ದುಡಿಮೆಯಿಂದ ಬೆಳೆದ ಈ ನಗರದಲ್ಲಿ, ‘ಮೈಗಳ್ಳ’ ಎಂಬುದು ಹಗುರವಾದ ಮಾತಲ್ಲ. ಅಕ್ಕಲಕೋಟ ತಾಲೂಕಿನ ಹಳ್ಳಿಗಳಲ್ಲಿಯೂ ಹಾಗೆಯೇ. ಒಮ್ಮೆ ಅಂಟಿಕೊಂಡ ಈ ಹೆಸರು ವ್ಯಕ್ತಿಯ ನೌಕರಿ, ಮದುವೆ, ಮನೆಯೊಳಗಿನ ಮರ್ಯಾದೆ ಎಲ್ಲವನ್ನೂ ಬಾಧಿಸುತ್ತದೆ. ಹೀಗೆ ಕರೆಸಿಕೊಂಡವರಲ್ಲಿ ಕೆಲವರಿಗಾದರೂ ಇರುವುದು ಚಿಕಿತ್ಸೆಗೆ ಒಳಪಡಬಹುದಾದ ಒಂದು ಅವಸ್ಥೆ. ಅದನ್ನು ಗುರುತಿಸುವಲ್ಲಿ ಶಿಕ್ಷಕರ ಬರಹಕ್ಕೆ ವಿಶೇಷವಾದ ಸ್ಥಾನವಿದೆ.

ಎಡಿಎಚ್‌ಡಿ ಎಂದು ಕರೆಯಲಾಗುವ ಗಮನ ಕೊರತೆ ಮತ್ತು ಅತಿಚಟುವಟಿಕೆಯ ಅವಸ್ಥೆಯು ಮೆದುಳಿನ ಬೆಳವಣಿಗೆಗೆ ಸಂಬಂಧಿಸಿದ್ದು. ಲಂಡನ್ನಿನ ಮಕ್ಕಳ ವೈದ್ಯ ಜಾರ್ಜ್ ಸ್ಟಿಲ್ ಅವರು 1902ರಲ್ಲಿಯೇ ಇಂಥ ಲಕ್ಷಣಗಳುಳ್ಳ ಮಕ್ಕಳನ್ನು ಕುರಿತು ಉಪನ್ಯಾಸ ನೀಡಿದ್ದರು. ಇದು ಬಾಲ್ಯದಲ್ಲಿ ತೊಡಗಿ, ಅನೇಕರಲ್ಲಿ ಪ್ರೌಢ ವಯಸ್ಸಿನಲ್ಲಿಯೂ ಉಳಿಯುತ್ತದೆ. ಆಗ ಓಡಾಟ ಕಡಿಮೆಯಾಗಿ ಒಳಗಿನ ಚಡಪಡಿಕೆ ಉಳಿಯುತ್ತದೆ. ಕೈಗೆತ್ತಿಕೊಂಡ ಕೆಲಸ ಅರ್ಧಕ್ಕೆ ನಿಲ್ಲುವುದು, ವಸ್ತುಗಳು ಕಳೆಯುವುದು, ಕೊಟ್ಟ ಮಾತು ಮರೆಯುವುದು, ಸಮಯದ ಅಂದಾಜು ತಪ್ಪುವುದು ಪದೇ ಪದೇ ನಡೆಯುತ್ತವೆ.

ಸೋಮಾರಿತನಕ್ಕೂ ಇದಕ್ಕೂ ಇರುವ ಅಂತರವೇನು? ಬೇಡವಾದ ಕೆಲಸವನ್ನು ತಪ್ಪಿಸಿಕೊಂಡವನಿಗೆ ಸಾಮಾನ್ಯವಾಗಿ ಸಮಾಧಾನವಿರುತ್ತದೆ. ಈ ಅವಸ್ಥೆಯುಳ್ಳವರು ತಾವೇ ಬಯಸಿದ ಕೆಲಸವನ್ನೂ ಆರಂಭಿಸಲಾರದೆ, ಅದರಿಂದ ತಮಗೇ ಹಾನಿಯಾಗುವುದನ್ನು ಕಂಡು ನಾಚುತ್ತಾರೆ. ಆದರೆ ಮನಸ್ಸನ್ನು ಸೆಳೆದ ಒಂದು ವಿಷಯದಲ್ಲಿ ಅವರೇ ಗಂಟೆಗಟ್ಟಲೆ ಮುಳುಗಿರಬಲ್ಲರು. ಇದನ್ನು ಕಂಡ ಮನೆಯವರು ‘ಮನಸ್ಸಿದ್ದರೆ ಮಾಡುತ್ತಾನೆ’ ಎಂದು ತೀರ್ಮಾನಿಸುತ್ತಾರೆ. ಇವು ಸೂಚನೆಗಳು ಮಾತ್ರ. ಹೊರಗಿನಿಂದ ನೋಡಿ ಯಾರೂ ನಿರ್ಣಯಿಸಲಾಗದು. ಆದುದರಿಂದಲೇ ತಜ್ಞರ ತಪಾಸಣೆ ಅವಶ್ಯ.

ಇದನ್ನು ನಿರ್ಣಯಿಸುವ ರಕ್ತಪರೀಕ್ಷೆಯಾಗಲಿ ಮೆದುಳಿನ ಚಿತ್ರವಾಗಲಿ ಇಲ್ಲ. ಮನೋವೈದ್ಯರು ಅಥವಾ ಚಿಕಿತ್ಸಾ ಮನೋವಿಜ್ಞಾನಿಗಳು ವಿವರವಾದ ಸಂದರ್ಶನ ನಡೆಸುತ್ತಾರೆ. ಅಮೆರಿಕದ ಮನೋವೈದ್ಯಕೀಯ ಸಂಘವು 2013ರಲ್ಲಿ ಪ್ರಕಟಿಸಿದ ಡಿಎಸ್‌ಎಂ-5 ಕೈಪಿಡಿಯ ಪ್ರಕಾರ, 17 ವರ್ಷ ಮೇಲ್ಪಟ್ಟವರಲ್ಲಿ ಗಮನ ಕೊರತೆಯ 9 ಲಕ್ಷಣಗಳಲ್ಲಿ ಅಥವಾ ಅತಿಚಟುವಟಿಕೆ ಮತ್ತು ದುಡುಕಿನ 9 ಲಕ್ಷಣಗಳಲ್ಲಿ ಕನಿಷ್ಠ 5 ಇರಬೇಕು. ಅವು 6 ತಿಂಗಳಾದರೂ ಮುಂದುವರಿದಿರಬೇಕು. ಮನೆ, ಕೆಲಸ ಮುಂತಾದ ಎರಡು ಅಥವಾ ಹೆಚ್ಚು ಕಡೆಗಳಲ್ಲಿ ಕಂಡು, ಬದುಕಿಗೆ ಅಡ್ಡಿಯಾಗಿರಬೇಕು. ಹಲವು ಲಕ್ಷಣಗಳು 12 ವರ್ಷಕ್ಕೆ ಮೊದಲೇ ತೋರಿರಬೇಕು. ವಿಶ್ವ ಆರೋಗ್ಯ ಸಂಸ್ಥೆಯ 6 ಪ್ರಶ್ನೆಗಳ ಸ್ವಯಂ ಪ್ರಶ್ನಾವಳಿಯು ತಪಾಸಣೆ ಬೇಕೇ ಎಂಬುದನ್ನು ಸೂಚಿಸುತ್ತದೆಯೇ ಹೊರತು ನಿರ್ಣಯ ನೀಡುವುದಿಲ್ಲ. ಖಿನ್ನತೆ, ಆತಂಕ, ನಿದ್ರಾದೋಷ, ಥೈರಾಯ್ಡ್ ತೊಂದರೆ, ರಕ್ತಹೀನತೆ, ಮದ್ಯಸೇವನೆ ಇವುಗಳಿಂದಲೂ ಗಮನ ಕುಗ್ಗಬಹುದಾದ್ದರಿಂದ ವೈದ್ಯರು ಅವನ್ನೂ ಪರಿಶೀಲಿಸುತ್ತಾರೆ.

ಇಲ್ಲಿ ‘12 ವರ್ಷಕ್ಕೆ ಮೊದಲು’ ಎಂಬ ನಿಯಮವನ್ನು ಗಮನಿಸಬೇಕು. ಮೂವತ್ತು ದಾಟಿದ ವ್ಯಕ್ತಿಗೆ ತನ್ನ ಬಾಲ್ಯ ಸ್ಪಷ್ಟವಾಗಿ ನೆನಪಿರುವುದಿಲ್ಲ. ತಂದೆ-ತಾಯಿಯರ ನೆನಪೂ ಮಸುಕಾಗಿರುತ್ತದೆ. ಆಗ ಹಳೆಯ ಪ್ರಗತಿಪತ್ರವೇ ಸಾಕ್ಷಿಯಾಗುತ್ತದೆ. ಅದರಲ್ಲಿ ‘ಸೋಮಾರಿ, ಅಭ್ಯಾಸದಲ್ಲಿ ಆಸಕ್ತಿಯಿಲ್ಲ’ ಎಂದು ಬರೆದಿದ್ದರೆ ವೈದ್ಯರಿಗೆ ದೊರೆಯುವುದು ಶಿಕ್ಷಕರ ಅಭಿಪ್ರಾಯ ಮಾತ್ರ. ‘ಬಾಯಿಲೆಕ್ಕದಲ್ಲಿ ಉತ್ತರ ಸರಿಯಿರುತ್ತದೆ, ಬರೆಯುವಾಗ ಮಧ್ಯದಲ್ಲಿ ಬಿಟ್ಟೇಳುತ್ತಾನೆ, ವಾರದಲ್ಲಿ ಮೂರು ಸಲ ವಹಿ ಮರೆಯುತ್ತಾನೆ’ ಎಂದಿದ್ದರೆ ದೊರೆಯುವುದು ನಡವಳಿಕೆಯ ವಿವರ. ಸದ್ದಿಲ್ಲದೆ ಕುಳಿತು ಕಿಟಕಿಯಾಚೆ ನೋಡುವ ಹುಡುಗಿಯರು ತರಗತಿಗೆ ತೊಂದರೆ ಕೊಡದ ಕಾರಣ ನಮ್ಮ ನೋಂದಣಿಯಿಂದ ಸುಲಭವಾಗಿ ತಪ್ಪಿಹೋಗುತ್ತಾರೆ. ಅವರ ವಿಷಯದಲ್ಲಿ ಹೆಚ್ಚಿನ ಎಚ್ಚರ ಬೇಕು.

ಗಡಿನಾಡಿನಲ್ಲಿ ಭಾಷೆಯ ತೊಡಕೂ ಇದೆ. ಕನ್ನಡದಲ್ಲಿ ಬರೆದ ಪ್ರಗತಿಪತ್ರವನ್ನು ಮರಾಠಿ ಬಲ್ಲ ವೈದ್ಯರ ಮುಂದೆ ಇಡಬೇಕಾದಾಗ ಮಾಜಿ ವಿದ್ಯಾರ್ಥಿಯು ನೆರವಿಗಾಗಿ ಶಾಲೆಗೆ ಬರಬಹುದು. ಅವನದೇ ಕೋರಿಕೆಯ ಮೇರೆಗೆ ದಾಖಲೆಯ ಪ್ರತಿ ನೀಡಿ, ಮರಾಠಿಯಲ್ಲಿ ಅದರ ತಾತ್ಪರ್ಯ ಬರೆದುಕೊಡುವುದು ನಮ್ಮಿಂದ ಆಗುವ ಸೇವೆ. ವಿಷಯವನ್ನು ಇತರರಿಗೆ ತಿಳಿಸಕೂಡದು.

ಸೊಲ್ಲಾಪುರದಲ್ಲಿ ಡಾ. ವೈಶಂಪಾಯನ ಸ್ಮಾರಕ ಸರಕಾರಿ ವೈದ್ಯಕೀಯ ಮಹಾವಿದ್ಯಾಲಯದ ಆಸ್ಪತ್ರೆಯಲ್ಲಿ ವಿಚಾರಿಸಬಹುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್ ಸಹಾಯವಾಣಿಯ ಸಂಖ್ಯೆ 14416. ಅದರಲ್ಲಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ಉಚಿತವಾಗಿ ಸಲಹೆ ಪಡೆಯಬಹುದು. ಸರಕಾರಿ ಮಾನಸಿಕ ಆರೋಗ್ಯ ಸೇವೆ ಪಡೆಯುವುದು 2017ರ ಮಾನಸಿಕ ಆರೋಗ್ಯ ಪಾಲನೆ ಕಾಯಿದೆಯು ನೀಡಿದ ಹಕ್ಕು.

ಎಡಿಎಚ್‌ಡಿ ಎಂದು ನಿರ್ಣಯವಾದರೆ ಆಪ್ತಸಲಹೆ, ದಿನಚರಿಯ ಅಭ್ಯಾಸ ಮತ್ತು ಅಗತ್ಯವಿದ್ದರೆ ವೈದ್ಯರು ಬರೆದುಕೊಟ್ಟ ಔಷಧದಿಂದ ಪರಿಹಾರ ಸಿಗುತ್ತದೆ. ಜವಾಬ್ದಾರಿಯಿಂದ ಬಿಡುಗಡೆ ಅದರ ಉದ್ದೇಶವಲ್ಲ. ಜವಾಬ್ದಾರಿ ಹೊರುವ ಶಕ್ತಿ ಕೊಡುವುದು ಅದರ ಉದ್ದೇಶ. ಬದಲಾಗಿ ರಕ್ತಹೀನತೆಯೋ ಖಿನ್ನತೆಯೋ ಕಂಡುಬಂದರೆ ಅದಕ್ಕೆ ತಕ್ಕ ಚಿಕಿತ್ಸೆ ದೊರೆಯುತ್ತದೆ. ರೋಗನಿರ್ಣಯ ಶಿಕ್ಷಕರ ಕೆಲಸವಲ್ಲ. ಕಂಡದ್ದನ್ನು ಕಂಡಂತೆ, ದಿನಾಂಕಸಹಿತ ಬರೆದಿಡುವುದು ನಮ್ಮ ಕೆಲಸ. ಈ ವರ್ಷದ ವರ್ಣನಾತ್ಮಕ ನೋಂದಣಿಯಲ್ಲಿ ‘ಸೋಮಾರಿ’ ಎಂಬ ಪದ ಬರೆಯಬೇಕೆನಿಸಿದಾಗ, ಆ ಮಗು ಆ ದಿನ ಏನು ಮಾಡಿತು, ಏನು ಮಾಡಲಿಲ್ಲ ಎಂಬುದನ್ನು ಎರಡು ವಾಕ್ಯಗಳಲ್ಲಿ ಬರೆಯೋಣ.