ಈಗಿರೋ ಫೋನ್ ಕೆಟ್ಟೈತೇನು?

ಸೆಪ್ಟೆಂಬರ್ ಬಂತು ಅಂದ್ರೆ ನಮ್ಮ ಹಾಸ್ಟೆಲಿನಲ್ಲಿ ಇಂಟರ್ನಲ್ಸ್‌ಗಿಂತ ಹೆಚ್ಚು ಚರ್ಚೆ ಆಗೋದು ಹೊಸ ಐಫೋನ್ ಬಗ್ಗೆ. ರಾತ್ರಿ ಹತ್ತೂವರೆಗೆ ಲಾಂಚ್ ಈವೆಂಟ್ ಶುರುವಾದ್ರೆ ಮೆಸ್ಸಿನಲ್ಲಿ ಜನ ಇರಲ್ಲ. 2025ರ ಸೆಪ್ಟೆಂಬರ್‌ನಲ್ಲೂ ಹಾಗೇ ಆಯ್ತು. ಐಫೋನ್ 17, 256 ಜಿಬಿ, ಬೆಲೆ 82,900 ರೂಪಾಯಿ. ಮರುದಿನ ಬೆಳಿಗ್ಗೆ ನಮ್ಮ ರೂಮಿನ ಗೆಳೆಯನೊಬ್ಬ "ನಾನು ತಗೋತೀನಿ" ಅಂದ. ಅವನ ಕೈಯಲ್ಲಿದ್ದ ಫೋನಿಗೆ ಆಗಿನ್ನೂ ಒಂದು ವರ್ಷ. ಅದಕ್ಕೂ ಮೊದಲಿನದು ಪಿಯುಸಿಗೆ ಸೇರಿದಾಗ ತಗೊಂಡಿದ್ದು. ಅಂದ್ರೆ ಮೂರು ವರ್ಷಕ್ಕೆ ಇದು ಮೂರನೇ ಫೋನ್.

ಅವನು ರಾಯಚೂರು ಜಿಲ್ಲೆ ಮಸ್ಕಿ ತಾಲೂಕಿನ ಪಾಮನಕಲ್ಲೂರಿನವನು. ಅವನನ್ನು ಕೇಳಿಯೇ ಇದನ್ನು ಬರೀತಿದ್ದೀವಿ, ಹೆಸರು ಮಾತ್ರ ಬೇಡ ಅಂದ. ದೀಪಾವಳಿ ರಜೆಗೆ ನಾವು ಮೂವರು ಅವನ ಊರಿಗೆ ಹೋಗಿದ್ವಿ. ಹತ್ತಿ ಬಿಡಿಸೋ ಕಾಲ, ಹೊಲದಲ್ಲಿ ತೊಗರಿ ಹೂವಿಗೆ ಬಂದಿತ್ತು. ಪಕ್ಕದ ಸಿಂಧನೂರಿಗೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ, ಅಲ್ಲಿ ಭತ್ತ ಬೆಳೀತಾರೆ. ಇವನ ಊರಿನ ಕಡೆ ಮಳೆಯೇ ಆಧಾರ. 5ಎ ಕಾಲುವೆ ಮಾಡಿ ನೀರು ಕೊಡಿ ಅಂತ ಇಲ್ಲಿನ ರೈತರು ತಿಂಗಳುಗಟ್ಟಲೆ ಧರಣಿ ಕೂತಿದ್ದರು.

ರಾತ್ರಿ ಊಟ ಆದಮೇಲೆ ಕಟ್ಟೆ ಮೇಲೆ ಕೂತಾಗ ಗೆಳೆಯ ಫೋನಿನ ಮಾತು ತೆಗೆದ. ಇಎಂಐ ಅಪ್ಪನ ಹೆಸರಿನಲ್ಲೇ ಆಗಬೇಕು. ಅಪ್ಪ ಸಿಟ್ಟಾಗಲಿಲ್ಲ. ನಮ್ಮ ಕಡೆ ತಿರುಗಿ, "ಯಾಕ ತಮ್ಮಾ, ಈಗಿರೋ ಫೋನ್ ಕೆಟ್ಟೈತೇನು?" ಅಂತ ಅಷ್ಟೇ ಕೇಳಿದರು. ಇಂಜಿನಿಯರಿಂಗ್ ಓದ್ತಿರೋ ನಾಲ್ಕು ಜನ ಇದ್ವಿ, ಒಬ್ಬರಿಗೂ ಉತ್ತರ ಹೊಳೀಲಿಲ್ಲ. ಆ ಪ್ರಶ್ನೆಗೆ ಉತ್ತರ ಹುಡುಕೋಕೆ ಹೋಗಿ ಈ ಲೇಖನ ಆಯ್ತು.

ಹೊಸದರಲ್ಲಿ ಹೊಸದೇನು?

ಮೊದಲು ಫೋನಿನ ಒಳಗೇ ನೋಡೋಣ. 2007ರಲ್ಲಿ ಮೊದಲ ಐಫೋನ್ ಬಂದಾಗಿನಿಂದ ಕೆಲವು ವರ್ಷ ಪ್ರತಿ ಮಾಡೆಲ್‌ಗೂ ದೊಡ್ಡ ವ್ಯತ್ಯಾಸ ಇರ್ತಿತ್ತು. 3ಜಿ, 4ಜಿ, ಒಳ್ಳೆ ಕ್ಯಾಮೆರಾ, ಬೆರಳಚ್ಚು, ಹೀಗೆ. ಆಗ ವರ್ಷಕ್ಕೊಂದು ಫೋನ್ ಬದಲಿಸೋರಿಗೆ ಒಂದು ಕಾರಣವಾದ್ರೂ ಇತ್ತು. ಈಗ ಹಾಗಿಲ್ಲ. 2021ರ ಐಫೋನ್ 13ರಲ್ಲಿದ್ದ ಎ15 ಚಿಪ್ಪೇ 2022ರ ಐಫೋನ್ 14ರಲ್ಲೂ ಇತ್ತು, ಗ್ರಾಫಿಕ್ಸ್‌ಗೆ ಒಂದು ಕೋರ್ ಜಾಸ್ತಿ, ಅಷ್ಟೆ. ಇಬ್ಬರ ಕೈಗೆ ಎರಡನ್ನೂ ಕೊಟ್ಟು ಕಣ್ಣು ಕಟ್ಟಿದ್ರೆ ಯಾವುದು ಯಾವುದು ಅಂತ ಹೇಳೋದು ಕಷ್ಟ. ಆದ್ರೂ 13ನ್ನು ಕೊಟ್ಟು 14 ತಗೊಂಡವರು ಇದ್ದರು.

ಐಫೋನ್ 17ರಲ್ಲಿ 120 ಹರ್ಟ್ಜ್ ಪರದೆ ಬಂದಿದೆ, ಅದು ನಿಜವಾದ ಸುಧಾರಣೆ. ಆದ್ರೆ ನಮ್ಮ ಗೆಳೆಯನ ಆಂಡ್ರಾಯ್ಡ್ ಫೋನಿನಲ್ಲಿ ಅದು ಆಗಲೇ ಇತ್ತು! ಕ್ಯಾಮೆರಾ ವಿಷಯವೂ ಅಷ್ಟೇ. 48 ಮೆಗಾಪಿಕ್ಸೆಲ್‌ನಲ್ಲಿ ತೆಗೆದ ಫೋಟೋವನ್ನು ಇನ್‌ಸ್ಟಾಗ್ರಾಮ್ 1080 ಪಿಕ್ಸೆಲ್ ಅಗಲಕ್ಕೆ ಇಳಿಸಿ ತೋರಿಸುತ್ತೆ. ನಾವು ಜಾಸ್ತಿ ದುಡ್ಡು ಕೊಟ್ಟ ಪಿಕ್ಸೆಲ್‌ಗಳಲ್ಲಿ ಬಹುಪಾಲು ನೋಡೋರನ್ನು ತಲುಪೋದೇ ಇಲ್ಲ.

ಇನ್ನು ಅಪ್‌ಡೇಟ್ ನಿಂತುಹೋಗುತ್ತೆ ಅನ್ನೋ ಭಯ. ಮೊದಲು ಎರಡು-ಮೂರು ವರ್ಷಕ್ಕೆ ಅಪ್‌ಡೇಟ್ ನಿಲ್ತಿದ್ದಿದ್ದು ಹೌದು. ಈಗ ಗೂಗಲ್ ತನ್ನ ಪಿಕ್ಸೆಲ್ 8ರಿಂದ, ಸ್ಯಾಮ್‌ಸಂಗ್ ಗ್ಯಾಲಕ್ಸಿ ಎಸ್24ರಿಂದ ಏಳು ವರ್ಷ ಅಪ್‌ಡೇಟ್ ಕೊಡ್ತೀವಿ ಅಂತ ಹೇಳಿವೆ. ಕಂಪನಿಯೇ ಏಳು ವರ್ಷ ನಡೆಯುತ್ತೆ ಅಂದ ವಸ್ತುವನ್ನು ನಾವು ಒಂದೇ ವರ್ಷಕ್ಕೆ ಹಳೇದು ಅಂತೀವಿ.

"ಅಣ್ಣಾ, ಫೋನ್ ಸ್ಲೋ ಆಗಿದೆ"

ಹಳೆ ಫೋನ್ ನಿಧಾನ ಆಗೋದು ಪೂರ್ತಿ ಭ್ರಮೆ ಅಲ್ಲ. ಲಿಥಿಯಂ-ಅಯಾನ್ ಬ್ಯಾಟರಿಯನ್ನು ಚಾರ್ಜ್ ಮಾಡಿ ಖಾಲಿ ಮಾಡಿದಷ್ಟೂ ಆನೋಡ್ ಮೇಲಿರೋ ತೆಳು ಪದರ ದಪ್ಪ ಆಗ್ತಾ ಹೋಗುತ್ತೆ. ಲಿಥಿಯಂ ಅಲ್ಲೇ ಸಿಕ್ಕಿಹಾಕಿಕೊಳ್ಳೋದರಿಂದ ಸಾಮರ್ಥ್ಯ ಇಳಿಯುತ್ತೆ. ಜೊತೆಗೆ ಒಳಗಿನ ರೆಸಿಸ್ಟೆನ್ಸ್ ಏರುತ್ತೆ. ಬೇಸಿಕ್ ಎಲೆಕ್ಟ್ರಿಕಲ್ಸ್ ನೆನಪಿದ್ರೆ ಮುಂದಿನದು ಸುಲಭ: ಪ್ರೊಸೆಸರ್ ಒಮ್ಮೆಲೇ ಹೆಚ್ಚು ಕರೆಂಟ್ ಎಳೆದಾಗ ಆ ರೆಸಿಸ್ಟೆನ್ಸ್‌ನಲ್ಲೇ ವೋಲ್ಟೇಜ್ ಬಿದ್ದುಹೋಗುತ್ತೆ, ಫೋನ್ ಏಕಾಏಕಿ ಆಫ್ ಆಗುತ್ತೆ.

ಹಾಗೆ ಆಫ್ ಆಗದಿರಲಿ ಅಂತ ಹಳೆ ಬ್ಯಾಟರಿ ಇರೋ ಐಫೋನ್‌ಗಳ ವೇಗವನ್ನು ಸಾಫ್ಟ್‌ವೇರ್ ಮೂಲಕ ಇಳಿಸ್ತಿದ್ದೀವಿ ಅಂತ ಆಪಲ್ 2017ರ ಡಿಸೆಂಬರ್‌ನಲ್ಲಿ ಒಪ್ಪಿಕೊಳ್ತು. ಬಳಸೋರಿಗೆ ಮೊದಲೇ ಸರಿಯಾಗಿ ಹೇಳಿರಲಿಲ್ಲ ಅನ್ನೋದೇ ಗಲಾಟೆ ಆಯ್ತು. ಅಮೆರಿಕದಲ್ಲಿ ಕೇಸ್ ನಡೆದು, ತಪ್ಪು ಒಪ್ಪಿಕೊಳ್ಳದೆ 50 ಕೋಟಿ ಡಾಲರ್‌ವರೆಗೆ ಕೊಡೋಕೆ 2020ರಲ್ಲಿ ಒಪ್ಪಿತು. ನಾವು ಗಮನಿಸಬೇಕಾದ್ದು ಬೇರೆ ಇದೆ. ಬ್ಯಾಟರಿ ಬದಲಿಸಿದ ಕೂಡಲೇ ಆ ಫೋನ್‌ಗಳು ಮೊದಲಿನ ವೇಗಕ್ಕೆ ಬಂದವು. "ಫೋನ್ ಹೋಯ್ತು" ಅಂತ ಅದನ್ನು ಬಿಟ್ಟು ಹೊಸದು ತಗೊಂಡವರು ಎಷ್ಟು ಜನ ಇರಬಹುದು!

ದಿನಕ್ಕೆ ಬರೀ 115 ರೂಪಾಯಿ

ಫೋನ್ ಹಳೇದಾಗಿಲ್ಲ, ಹೊಸದರಲ್ಲಿ ಅಂಥಾ ವಿಶೇಷವೂ ಇಲ್ಲ. ಮತ್ತೆ ಯಾಕೆ ತಗೋತಾರೆ? ಒಂದು ಕಾರಣ, ಬೆಲೆ ನಮ್ಮ ಕಣ್ಣಿಗೆ ಬೆಲೆಯ ಹಾಗೆ ಕಾಣೋದಿಲ್ಲ.

82,900 ಅಂದ್ರೆ ಎದೆ ಝಲ್ ಅನ್ನುತ್ತೆ. 24 ತಿಂಗಳ ಇಎಂಐ ಅಂದ್ರೆ ತಿಂಗಳಿಗೆ ಸುಮಾರು 3,450. ದಿನಕ್ಕೆ ಹೇಳಿದ್ರೆ ಬರೀ 115, ಒಂದು ಬಿರಿಯಾನಿ ದುಡ್ಡು. ಮೊತ್ತ ಬದಲಾಗಿಲ್ಲ, ಅದನ್ನು ಇಡೋ ಡಬ್ಬಿ ಮಾತ್ರ ಬದಲಾಯ್ತು. ನಮ್ಮ ಮನಸ್ಸು ದುಡ್ಡನ್ನು ಹೀಗೆ ಬೇರೆ ಬೇರೆ ಡಬ್ಬಿಯಲ್ಲಿ ಹಾಕಿ ಲೆಕ್ಕ ಮಾಡೋದನ್ನು ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ 'ಮೆಂಟಲ್ ಅಕೌಂಟಿಂಗ್' ಅಂತ ಕರೆದರು. ಅವರಿಗೆ 2017ರಲ್ಲಿ ನೊಬೆಲ್ ಬಂತು.

ಇನ್ನು 'ನೋ ಕಾಸ್ಟ್ ಇಎಂಐ'. ಶೂನ್ಯ ಬಡ್ಡಿ ಅನ್ನೋದೇ ಇಲ್ಲ, ಬಡ್ಡಿಯನ್ನು ಎಷ್ಟೋ ಸಲ ಪ್ರೊಸೆಸಿಂಗ್ ಶುಲ್ಕದ ಹೆಸರಲ್ಲಿ ಮರೆಮಾಡಿ ಗ್ರಾಹಕರ ಮೇಲೇ ಹಾಕ್ತಾರೆ ಅಂತ ರಿಸರ್ವ್ ಬ್ಯಾಂಕ್ 2013ರ ಸೆಪ್ಟೆಂಬರ್‌ನಲ್ಲೇ ಬ್ಯಾಂಕುಗಳಿಗೆ ಸುತ್ತೋಲೆ ಕಳಿಸಿತ್ತು. ಕ್ರೆಡಿಟ್ ಕಾರ್ಡ್ ಇಎಂಐ ಆದ್ರೆ ಬಡ್ಡಿ ಭಾಗದ ಮೇಲೆ ಶೇ. 18 ಜಿಎಸ್‌ಟಿ ಬೇರೆ. ಕಂತು ತಪ್ಪಿದ್ರೆ ಯಾರ ಹೆಸರಲ್ಲಿ ಸಾಲ ಇದೆಯೋ ಅವರ ಕ್ರೆಡಿಟ್ ಸ್ಕೋರ್ ಬೀಳುತ್ತೆ. ನಮ್ಮಲ್ಲಿ ಬಹಳ ಜನಕ್ಕೆ ಅದು ಅಪ್ಪನ ಹೆಸರು. ನಾಳೆ ಎಜುಕೇಶನ್ ಲೋನಿಗೆ ಸಹಿ ಹಾಕಬೇಕಾದವರೂ ಅವರೇ.

ಎಕ್ಸ್‌ಚೇಂಜ್ ಆಫರ್ ಇನ್ನೊಂದು ಉಪಾಯ. ಚೆನ್ನಾಗಿರೋ ವಸ್ತುವನ್ನು ಬಿಡುವಾಗ "ಕೊಟ್ಟ ದುಡ್ಡು ಇನ್ನೂ ವಸೂಲಾಗಿಲ್ಲ" ಅಂತ ಮನಸ್ಸು ಹಿಂದೆಮುಂದೆ ನೋಡುತ್ತೆ. ಅಂಗಡಿಯವರು ಹಳೇದಕ್ಕೂ ಒಂದು ಬೆಲೆ ಕಟ್ಟಿದ ತಕ್ಷಣ ಆ ಅಳುಕು ಹೋಗುತ್ತೆ. ಎರಿಕಾ ಒಕಾಡ 2001ರಲ್ಲಿ ಪ್ರಕಟಿಸಿದ ಸಂಶೋಧನೆ ಇದರ ಬಗ್ಗೆಯೇ ಇದೆ.

ಕಟ್ಟೆ ಮೇಲೆ ಮಾಡಿದ ಲೆಕ್ಕ

ಆ ರಾತ್ರಿ ನಾವು ಫೋನಿನ ಕ್ಯಾಲ್ಕುಲೇಟರ್‌ನಲ್ಲೇ ಲೆಕ್ಕ ಹಾಕಿದ್ವಿ. ಸುಲಭ ಆಗಲಿ ಅಂತ ಕೆಲವು ಅಂಕಿ ನಾವೇ ಇಟ್ಟುಕೊಂಡಿದ್ದು. ನೀವು ನಿಮ್ಮ ಫೋನಿನ ಅಂಕಿ ಹಾಕಿ ನೋಡಿ.

ಮೊದಲನೇ ದಾರಿ: ಪ್ರತಿ ವರ್ಷ 82,900ಕ್ಕೆ ಹೊಸದು ತಗೊಂಡು, ವರ್ಷದ ಕೊನೆಗೆ ಅದನ್ನು 47,900ಕ್ಕೆ ಕೊಡೋದು. ವರ್ಷಕ್ಕೆ ಕಳೆದುಕೊಳ್ಳೋದು 35,000. ನಾಲ್ಕು ವರ್ಷಕ್ಕೆ 1,40,000.

ಎರಡನೇ ದಾರಿ: ಅದೇ ಫೋನನ್ನು ನಾಲ್ಕು ವರ್ಷ ಇಟ್ಟುಕೊಂಡು, ನಡುವೆ 7,000 ಕೊಟ್ಟು ಬ್ಯಾಟರಿ ಬದಲಿಸಿ, ಕೊನೆಗೆ 14,900ಕ್ಕೆ ಮಾರೋದು. ನಾಲ್ಕು ವರ್ಷಕ್ಕೆ ಖರ್ಚು 75,000.

ವ್ಯತ್ಯಾಸ 65,000. ಗೆಳೆಯನ ಅಪ್ಪ ಅದನ್ನು ತಮ್ಮ ಲೆಕ್ಕಕ್ಕೆ ತಿರುಗಿಸಿಕೊಂಡರು. 2025-26ಕ್ಕೆ ತೊಗರಿಯ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000. ಅಂದ್ರೆ 65,000 ಎಂಟು ಕ್ವಿಂಟಲ್ ತೊಗರಿ, ಪೂರ್ತಿ ಫೋನ್ ಹತ್ತು ಕ್ವಿಂಟಲ್ ಮೇಲೆ. ಮಳೆ ನಂಬಿದ ಹೊಲದಲ್ಲಿ ಅಷ್ಟು ತೊಗರಿ ಒಂದು ಎಕರೆಗೆ ಬರೋ ಮಾತೇ ಇಲ್ಲ. ಅದರಲ್ಲೂ ಬೀಜ, ಗೊಬ್ಬರ, ಎಣ್ಣೆ, ಆಳಿನ ಖರ್ಚು ಇನ್ನೂ ಕಳೆದಿಲ್ಲ. ದಿನಕ್ಕೆ 115 ರೂಪಾಯಿ ಅಂದಾಗ ಹಗುರ ಅನ್ನಿಸಿದ್ದು ಚೀಲದ ಲೆಕ್ಕಕ್ಕೆ ಬಂದಾಗ ಭಾರ ಆಯ್ತು.

ಆದ್ರೂ ಯಾಕೆ ಬೇಕು?

ಇಲ್ಲಿಗೇ ನಿಲ್ಲಿಸಿದ್ರೆ "ಹಳ್ಳಿ ಹುಡುಗನ ಶೋಕಿ" ಅಂತ ಆಗಿಬಿಡುತ್ತೆ. ಅದು ಅನ್ಯಾಯ. ಅಪ್ಪ ಒಳಗೆ ಹೋದಮೇಲೆ ಗೆಳೆಯ ಒಂದು ಮಾತು ಹೇಳಿದ. ನಾವೆಲ್ಲ ಟ್ರಿಪ್ ಹೋದಾಗ ಫೋಟೋಗಳನ್ನು ಏರ್‌ಡ್ರಾಪ್ ಮಾಡ್ಕೋತೀವಿ. ಅದು ಐಫೋನ್ ಇದ್ದವರ ನಡುವೆ. ಇವನಿಗೆ "ಆಮೇಲೆ ವಾಟ್ಸಾಪ್ ಮಾಡ್ತೀವಿ" ಅಂತೀವಿ, ಮರೀತೀವಿ. ಗ್ರೂಪ್ ಫೋಟೋ ತೆಗೆಯುವಾಗ "ನಿನ್ನ ಫೋನ್ ಬೇಡ ಬಿಡು" ಅಂತೀವಿ. ಪ್ರತಿ ಸಲ ಸಣ್ಣ ಮಾತೇ. ಆದ್ರೆ ಅದನ್ನು ಒಬ್ಬನೇ ವರ್ಷವಿಡೀ ಕೇಳಿದ್ದ.

ಮನುಷ್ಯ ತನ್ನನ್ನು ಅಳೆಯೋದು ಸುತ್ತ ಇರೋರ ಜೊತೆ ಹೋಲಿಸಿಕೊಂಡು ಅಂತ ಮನಶ್ಶಾಸ್ತ್ರಜ್ಞ ಲಿಯಾನ್ ಫೆಸ್ಟಿಂಗರ್ 1954ರಲ್ಲಿ ಬರೆದರು. ಅದಕ್ಕಿಂತ ಹಿಂದೆ, 1899ರಲ್ಲೇ, ಥಾರ್‌ಸ್ಟೈನ್ ವೆಬ್ಲೆನ್ ಜನ ಕೆಲವು ವಸ್ತುಗಳನ್ನು ಬಳಸೋಕಿಂತ ಹೆಚ್ಚಾಗಿ ತೋರಿಸೋಕೆ ಕೊಳ್ತಾರೆ ಅಂದಿದ್ದರು. ಮನೆ, ಹೊಲ ಕ್ಯಾಂಪಸ್‌ಗೆ ತರೋಕಾಗಲ್ಲ. ಇಂಗ್ಲಿಷ್ ಮೀಡಿಯಂ ಓದಿದ ನಮ್ಮಂಥವರ ಮಾತಿನ ಧಾಟಿ ಒಂದು ಸೆಮಿಸ್ಟರ್‌ನಲ್ಲಿ ಬರಲ್ಲ. ಫೋನ್ ಮಾತ್ರ ಅಂಗಡಿಯಲ್ಲಿ ಸಿಗುತ್ತೆ, ಟೇಬಲ್ ಮೇಲೆ ಇಟ್ಟರೆ ಎಲ್ಲರಿಗೂ ಕಾಣುತ್ತೆ. ನಮ್ಮ ಗೆಳೆಯ ಕೊಳ್ಳೋಕೆ ಹೊರಟಿದ್ದು ನಮ್ಮ ಪಕ್ಕದಲ್ಲಿ ಒಂದು ಜಾಗ. ಆ ಜಾಗ ಕಮ್ಮಿ ಮಾಡಿದ್ದು ನಾವೇ.

ಕೊಂಡರೂ ಅದು ಬಹಳ ದಿನ ಬಾಳಲ್ಲ. ಹೊಸದರ ಖುಷಿಗೆ ಮನಸ್ಸು ಬೇಗ ಒಗ್ಗಿಹೋಗುತ್ತೆ. ಮುಂದಿನ ಸೆಪ್ಟೆಂಬರ್‌ಗೆ 18 ಬಂದರೆ 17 ಹಳೇದು. 17 ಬಂದ ದಿನವೇ ಐಫೋನ್ 16ರ ಬೆಲೆ 69,900ಕ್ಕೆ ಇಳೀತು. ಓಡ್ತಾನೇ ಇರಬೇಕು, ಇರೋ ಜಾಗ ಉಳಿಸಿಕೊಳ್ಳೋಕೆ.

ಹಳೇದು ಎಲ್ಲಿಗೆ ಹೋಗುತ್ತೆ?

ವರ್ಷ ವರ್ಷ ಬದಲಿಸೋರ ಪರವಾಗಿ ಒಂದು ಮಾತು ಹೇಳಬೇಕು. ಅವರ ಹಳೆ ಫೋನ್‌ಗಳು ಕಸಕ್ಕೆ ಹೋಗಲ್ಲ, ಬೇರೆಯವರ ಕೈಗೆ ಹೋಗ್ತವೆ. ಗೆಳೆಯನ ಪಿಯುಸಿ ಕಾಲದ ಫೋನ್ ಈಗ ಅವನ ಅವ್ವನ ಹತ್ತಿರ ಇದೆ. ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಹೊಲದ ಫೋಟೋ ಹಾಕೋದು ಅದರಿಂದಲೇ. ಅಪ್ಪನದು ಇನ್ನೂ ಕೀಪ್ಯಾಡ್. ವಿಡಿಯೋ ಮಾಡಿ ದುಡಿಯೋರು, ಆ್ಯಪ್ ಬರೆದು ಟೆಸ್ಟ್ ಮಾಡೋರು ಹೊಸದು ಕೊಂಡರೆ ಅದು ಕಸುಬಿನ ಸಾಮಾನು.

ಆದ್ರೆ ಹೊಸದು ತಯಾರಾಗೋಕೆ ಒಂದು ಬೆಲೆ ಇದ್ದೇ ಇದೆ. ಆಪಲ್‌ನ ಪರಿಸರ ವರದಿಗಳ ಪ್ರಕಾರವೇ ಒಂದು ಐಫೋನ್‌ನಿಂದ ಆಗೋ ಇಂಗಾಲದ ಹೊರಸೂಸುವಿಕೆಯಲ್ಲಿ ಸುಮಾರು ಶೇ. 80 ತಯಾರಿಕೆಯಲ್ಲೇ ಆಗುತ್ತೆ, ಚಾರ್ಜ್ ಮಾಡೋದರಿಂದ ಅಲ್ಲ. ಪಾಮನಕಲ್ಲೂರಿನ ಪಕ್ಕದ ಲಿಂಗಸುಗೂರು ತಾಲೂಕಿನಲ್ಲಿ ಹಟ್ಟಿ ಚಿನ್ನದ ಗಣಿ ಇದೆ. ಅಲ್ಲಿ ಒಂದು ಟನ್ ಅದಿರು ಮೇಲೆ ತಂದು ಪುಡಿ ಮಾಡಿದ್ರೆ ಸಿಗೋದು ಕೆಲವೇ ಗ್ರಾಂ ಚಿನ್ನ. ಒಂದು ಫೋನಿನಲ್ಲಿ ಸುಮಾರು 0.03 ಗ್ರಾಂ ಚಿನ್ನ ಇರುತ್ತೆ. ಒಂದು ಟನ್‌ಗೆ ಐದಾರು ಸಾವಿರ ಫೋನ್ ಅಂದ್ರೆ ನೂರೈವತ್ತು ಗ್ರಾಂ ಮೇಲೆ. ನಮ್ಮ ಹಾಸ್ಟೆಲಿನ ಡ್ರಾಯರ್‌ಗಳಲ್ಲಿ ಸುಮ್ಮನೆ ಬಿದ್ದಿರೋ ಕೆಟ್ಟ ಫೋನ್‌ಗಳು ಹಟ್ಟಿಯ ಅದಿರಿಗಿಂತ ಶ್ರೀಮಂತ! ಅವನ್ನು ಇ-ತ್ಯಾಜ್ಯ ಸಂಗ್ರಹ ಕೇಂದ್ರಕ್ಕೆ ಕೊಡಬೇಕು, ಗುಜರಿಗಲ್ಲ.

ಕೊಳ್ಳೋ ಮುಂಚೆ

ನಮಗೆ ನಾವೇ ನಾಲ್ಕು ಪ್ರಶ್ನೆ ಬರೆದುಕೊಂಡ್ವಿ. ಈಗಿನ ಫೋನ್ ಮಾಡದೇ ಇರೋ ಯಾವ ಕೆಲಸ ಹೊಸದು ಮಾಡುತ್ತೆ? ತೊಂದರೆ ಬ್ಯಾಟರಿಯದೋ, ಸ್ಟೋರೇಜ್‌ದೋ, ಫೋನಿನದೋ? ಇಎಂಐ ಇಲ್ಲದೆ ಪೂರ್ತಿ ದುಡ್ಡು ಇವತ್ತೇ ಎಣಿಸಿ ಕೊಡಬೇಕು ಅಂದ್ರೂ ತಗೋತೀವಾ? ಯಾರೂ ನೋಡಲ್ಲ ಅಂದ್ರೂ ಬೇಕಾ? ಕೊನೇ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಕೊಡೋದು ನಮಗೂ ಕಷ್ಟ ಆಯ್ತು.

ರಜೆ ಮುಗಿಸಿ ವಾಪಸ್ ಬರುವಾಗ ಸಿಂಧನೂರಿನಲ್ಲಿ ಇಳಿದ್ವಿ. ಅವ್ವನ ಫೋನ್ ಮಧ್ಯಾಹ್ನಕ್ಕೇ ಆಫ್ ಆಗ್ತಿತ್ತು. ಒಂದು ರಿಪೇರಿ ಅಂಗಡಿಯಲ್ಲಿ ಹೊಸ ಬ್ಯಾಟರಿ ಹಾಕಿಸಿ, ಊರಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಕಳಿಸಿದ್ವಿ. ರಾತ್ರಿ ಅವ್ವ ಫೋನ್ ಮಾಡಿ, "ಇನ್ನೂ ಅರವತ್ತು ಪರ್ಸೆಂಟ್ ಐತಿ ನೋಡಪಾ" ಅಂದರಂತೆ.

ಗೆಳೆಯ ಐಫೋನ್ ತಗೊಂಡಿಲ್ಲ. ಮುಂದಿನ ಸೆಪ್ಟೆಂಬರ್‌ಗೆ ಏನು ಮಾಡ್ತಾನೋ, ಅದು ಅವನಿಗೆ ಬಿಟ್ಟಿದ್ದು. ನಮ್ಮ ಕಡೆಯಿಂದ ಒಂದು ಬದಲಾವಣೆ ಆಗಿದೆ. ಟ್ರಿಪ್ ಫೋಟೋಗಳನ್ನು ಈಗ ಏರ್‌ಡ್ರಾಪ್ ಮಾಡಲ್ಲ, ಎಲ್ಲರಿಗೂ ತೆರೆಯೋ ಒಂದು ಡ್ರೈವ್ ಫೋಲ್ಡರ್‌ಗೆ ಹಾಕ್ತೀವಿ. ಹೋದ ಸಲದ ಗ್ರೂಪ್ ಫೋಟೋ ತೆಗೆದಿದ್ದು ಅವನ ಫೋನಿನಲ್ಲಿ. ಚೆನ್ನಾಗೇ ಬಂದಿದೆ.