ಮಿಂಚಂಚೆಯ ಕೆಲಸಕ್ಕೆ ನಮ್ಮದೇ ಕೀಲಿಗಳು

ದಿಂಡಿಗಲ್, ತೇನಿ ಜಿಲ್ಲೆಗಳಲ್ಲಿ, ವಿಶೇಷವಾಗಿ ಕಂಬಂ ಕಣಿವೆಯಲ್ಲಿ, ಕಪ್ಪಿಲಿಯರೇ ಮೊದಲಾದ ಸಮುದಾಯಗಳ ಮನೆಮಾತು ಕನ್ನಡ. ಅವರ ಓದುಬರಹವಾದರೋ ತಮಿಳಿನಲ್ಲಿ. ಅಂತಹ ಪೋಷಕರಿಗೆ ಕನ್ನಡ ಶಿಕ್ಷಕರು ಬರೆಯುವ ಪತ್ರದಲ್ಲಿ ಎರಡೂ ಲಿಪಿಗಳಿರುವುದು ಉಚಿತ. ತಾಳವಾಡಿ, ಹೊಸೂರು ಕಡೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿಯೂ ಕಚೇರಿಯ ಪತ್ರಕ್ಕೆ ಒಂದು ಭಾಷೆ, ಮನೆಯ ಪತ್ರಕ್ಕೆ ಇನ್ನೊಂದು. ಪ್ರತಿಸಲವೂ ಕೀಲಿಮಣೆಯ ವಿನ್ಯಾಸವನ್ನು ಬದಲಿಸಬೇಕಾದಾಗ, ಅವಸರದಲ್ಲಿ ಕನ್ನಡದ ಒಕ್ಕಣೆಯೇ ಬಿಟ್ಟುಹೋಗುವ ಅಪಾಯವುಂಟು. ಇದಕ್ಕೆ ಸರಳವಾದ ಪರಿಹಾರವಿದೆ.

ವಿಂಡೋಸ್ ಗಣಕಗಳಿಗೆ 2003ರಲ್ಲಿ ಬಂದ ಆಟೋಹಾಟ್‌ಕೀ ಎಂಬ ಉಚಿತ ತಂತ್ರಾಂಶವು ನಾವು ಬರೆದಿಟ್ಟ ಆಜ್ಞೆಗಳನ್ನು ಒಂದು ಕೀಲಿಜೋಡಿಗೆ ಕಟ್ಟಿಕೊಡುತ್ತದೆ. ಆಜ್ಞೆಗಳ ಈ ಕಡತಕ್ಕೆ ಸ್ಕ್ರಿಪ್ಟ್ ಎಂದು ಹೆಸರು. ತಂತ್ರಾಂಶದ ಎರಡನೆಯ ಆವೃತ್ತಿಯಲ್ಲಿ ಒಂದು ಆಜ್ಞೆಗೆ ಒಂದೇ ಸಾಲು ಸಾಕು. ಮೊದಲು ಕಂಟ್ರೋಲ್ ಕೀಲಿಯನ್ನು ಸೂಚಿಸುವ ^ ಚಿಹ್ನೆ; ಅದಕ್ಕೆ ಅಂಟಿಕೊಂಡು ಎಫ್8 ಎಂಬ ಕೀಲಿಯ ಹೆಸರು; ಬಳಿಕ :: ಚಿಹ್ನೆ; ಅನಂತರ ಸೆಂಡ್‌ಟೆಕ್ಸ್ಟ್ ಎಂಬ ಆಜ್ಞೆ; ಕೊನೆಗೆ ಜೋಡಿ ಉದ್ಧರಣ ಚಿಹ್ನೆಗಳ ನಡುವೆ ನಮ್ಮ ಒಕ್ಕಣೆ. ಕೀಲಿಯ ಹಾಗೂ ಆಜ್ಞೆಯ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಒಕ್ಕಣೆ ಯಾವ ಲಿಪಿಯಲ್ಲಿದ್ದರೂ ಸರಿ. ಕಡತವನ್ನು ತೆರೆದು ಚಾಲನೆಗೊಳಿಸಿದ ಮೇಲೆ, ಪತ್ರ ಬರೆಯುವ ಜಾಗದಲ್ಲಿ ಕಂಟ್ರೋಲ್ ಮತ್ತು ಎಫ್8 ಒತ್ತಿದೊಡನೆ "ಮಾನ್ಯ ಪೋಷಕರೇ, ತಮ್ಮ ಮಗುವಿನ ಪ್ರಗತಿಯನ್ನು ಕುರಿತು ಮಾತನಾಡಲು ಶಾಲೆಗೆ ಬರಬೇಕಾಗಿ ವಿನಂತಿ" ಎಂಬ ವಾಕ್ಯ ಮೂಡುತ್ತದೆ. ಅದರ ತಮಿಳು ರೂಪವನ್ನು ಎಫ್9ಕ್ಕೆ ಕಟ್ಟಿದರೆ ವಿನ್ಯಾಸವನ್ನು ಬದಲಿಸದೆಯೇ ಎರಡೂ ಲಿಪಿಗಳು ಪತ್ರದಲ್ಲಿ ಬರುತ್ತವೆ.

ಅಕ್ಷರದ ಕೀಲಿಗಳನ್ನು ಬಿಟ್ಟು ಎಫ್ ಸಾಲಿನ ಕೀಲಿಗಳನ್ನು ಆರಿಸಿದ್ದಕ್ಕೆ ಕಾರಣವಿದೆ: ಕನ್ನಡ ವಿನ್ಯಾಸದಲ್ಲಿ ಅಕ್ಷರದ ಕೀಲಿಗಳ ಅರ್ಥ ಬದಲಾಗುತ್ತದೆ, ಇವುಗಳದು ಬದಲಾಗದು. ಆದರೆ ಕಂಟ್ರೋಲ್ ಜೊತೆಗೆ ಎಫ್4 ಬ್ರೌಸರಿನ ಪುಟವನ್ನು ಮುಚ್ಚುತ್ತದೆ, ಎಫ್5 ಪುಟವನ್ನು ಮತ್ತೆ ತೆರೆಯುತ್ತದೆ, ಅವೆರಡನ್ನೂ ಮುಟ್ಟಬಾರದು.

ಒಕ್ಕಣೆಯನ್ನು ಯೂನಿಕೋಡಿನಲ್ಲಿಯೇ ಬರೆದು, ಕಡತವನ್ನು ಯುಟಿಎಫ್-8 ರೂಪದಲ್ಲಿ ಉಳಿಸಬೇಕು. ನುಡಿ, ಬರಹಗಳ ಹಳೆಯ ಫಾಂಟುಗಳಲ್ಲಿ ಬರೆದ ಪಠ್ಯವು ಆ ಫಾಂಟ್ ಇಲ್ಲದ ಗಣಕದಲ್ಲಿ ಅರ್ಥವಿಲ್ಲದ ಅಕ್ಷರಗಳ ರಾಶಿಯಾಗಿ ಕಾಣುತ್ತದೆ.

ಶಿಕ್ಷಕರು ಒಂದು ಮಿತಿಯನ್ನು ಪಾಲಿಸಬೇಕು. ಮಗುವಿನ ಹೆಸರು, ದಿನಾಂಕ, ಅಂಕಗಳನ್ನು ಸ್ಕ್ರಿಪ್ಟಿನಲ್ಲಿ ಸೇರಿಸದೆ ಪ್ರತಿಸಲವೂ ಕೈಯಿಂದಲೇ ತುಂಬಬೇಕು. ಗುಪ್ತಪದವನ್ನು ಅದರಲ್ಲಿ ಎಂದಿಗೂ ಬರೆದಿಡಬಾರದು. ಪತ್ರವನ್ನು ಕಳುಹಿಸುವ ಕ್ರಿಯೆಯನ್ನು ಯಾವ ಕೀಲಿಗೂ ಕಟ್ಟಬಾರದು. ಒಂದು ಮಗುವಿನ ವಿವರ ಇನ್ನೊಂದು ಮನೆಗೆ ಹೋದರೆ ಅದನ್ನು ಹಿಂದಕ್ಕೆ ಪಡೆಯುವುದು ಸುಲಭವಲ್ಲ. ಬರೆಯುವ ಶ್ರಮವನ್ನು ಯಂತ್ರಕ್ಕೆ ಬಿಡಬಹುದು. ಓದಿ ನೋಡಿ ಕಳುಹಿಸುವ ಹೊಣೆ ಶಿಕ್ಷಕರದೇ.